ಮಗುವಿನ ತಲೆಗೆ ಯಾವ ಮಷಿನ್?

ಕೂದಲು ಕತ್ತರಿಸುವ ಮಷಿನ್‌ಗಳನ್ನು ಬಿಚ್ಚಿ ರಿಪೇರಿ ಮಾಡುವುದು, ಬ್ಲೇಡ್‌ಗೆ ಸಾಣೆ ಹಿಡಿಯುವುದು ನನ್ನ ಕಸುಬು. ಅದಕ್ಕೇ ಇರಬೇಕು, ಮಕ್ಕಳಿಗೆ ಮನೆಯಲ್ಲೇ ಕಟಿಂಗ್ ಮಾಡುವವರ ಪತ್ರಗಳನ್ನೆಲ್ಲ ಸಂಪಾದಕರು ನನ್ನ ಕಡೆ ತಳ್ಳಿದ್ದಾರೆ. ಕೆಲವು ಪತ್ರ ಬಹಳ ಉದ್ದ ಇದ್ದವು. ಪ್ರಶ್ನೆಯಷ್ಟನ್ನೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಕಟಿಂಗ್ ಅಂಗಡಿಯ ಕುರ್ಚಿ ಕಂಡರೇ ಕಿರುಚುತ್ತಾನೆ. ಮನೆಯಲ್ಲೇ ಮಾಡೋಣ ಅಂತ ಮಷಿನ್ ಹುಡುಕುತ್ತಿದ್ದೇನೆ. ಕರಡಿ ಮುಖದ ಬೇಬಿ ಮಷಿನ್ ತಗೊಳ್ಳಲಾ, ಅಂಗಡಿಯವರು ಬಳಸುವಂಥ ದೊಡ್ಡದನ್ನೇ ತಗೊಳ್ಳಲಾ? ನಮ್ಮ ಯಜಮಾನರು “ನನ್ನ ಗಡ್ಡದ ಟ್ರಿಮ್ಮರ್ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ದಂಡ” ಅನ್ನುತ್ತಾರೆ.
— ಒಬ್ಬ ತಾಯಿ

ಉತ್ತರ: ಮೊದಲು ಯಜಮಾನರ ಮಾತು ಮುಗಿಸಿಬಿಡೋಣ. ಗಡ್ಡದ ಟ್ರಿಮ್ಮರ್ ಬೇಡಮ್ಮಾ. ಅದರ ಬ್ಲೇಡ್ ಕಿರಿದು, ಮೋಟಾರ್ ಸಣ್ಣದು. ಗಿಡ್ಡ ಗಡ್ಡ ಸವರುವುದಕ್ಕೆ ಅಷ್ಟು ಸಾಕು. ತಲೆತುಂಬ ಬೆಳೆದ ಕೂದಲಿಗೆ ಇಟ್ಟರೆ ಅರ್ಧದಲ್ಲೇ ಅದಕ್ಕೆ ಏದುಸಿರು ಬರುತ್ತದೆ. ಬ್ಲೇಡ್ ಓಟ ನಿಧಾನವಾದ ಕೂಡಲೇ ಕತ್ತರಿಸುವುದು ಬಿಟ್ಟು ಕೂದಲು ಜಗ್ಗಲು ಶುರು ಮಾಡುತ್ತದೆ. ಮಗುವಿಗೆ ಒಂದು ಸಲ ಹಾಗೆ ಚುರ್ ಅಂದರೆ ಸಾಕು, ಮುಂದಿನ ಸಲ ಮಷಿನ್ ಡಬ್ಬಿ ತೆಗೆಯುವಾಗಲೇ ಮಂಚದ ಕೆಳಗೆ ಸೇರಿಕೊಳ್ಳುತ್ತದೆ.

ಇನ್ನು ಕರಡಿಯೋ ದೊಡ್ಡದೋ ಅನ್ನುವ ಪ್ರಶ್ನೆ. ಕರಡಿ ಮುಖ ನೋಡಿ ತಗೊಳ್ಳಲೂ ಬೇಡಿ, ಕರಡಿ ಮುಖ ಅಂತ ಬಿಡಲೂ ಬೇಡಿ. ಮಷಿನ್‌ನ ತುದಿಯ ಒಂದು ಇಂಚು ಮಾತ್ರ ನೋಡಿ. ಮಗುವಿಗೆ ತಾಗುವುದು ಅಷ್ಟೇ. ಅಲ್ಲಿ ಎರಡು ಬ್ಲೇಡ್ ಇರುತ್ತವೆ. ಕೆಳಗಿನದು ಅಲುಗಾಡುವುದಿಲ್ಲ, ಚರ್ಮದ ಮೇಲೆ ಕೂರುವುದು ಅದು. ಅದರ ಬೆನ್ನ ಮೇಲೆ ಇನ್ನೊಂದು ಬ್ಲೇಡ್ ಎಡಕ್ಕೂ ಬಲಕ್ಕೂ ಓಡುತ್ತದೆ. ಮಷಿನ್ ಆಫ್ ಇರುವಾಗ ಅದನ್ನು ಬೆಳಕಿಗೆ ಅಡ್ಡ ಹಿಡಿದು ಪಕ್ಕದಿಂದ ನೋಡಿ. ಕೆಳಗಿನ ಬ್ಲೇಡಿನ ಹಲ್ಲುಗಳು ಮೇಲಿನದಕ್ಕಿಂತ ಸುಮಾರು 1 ಮಿ.ಮೀ.ಯಾದರೂ ಮುಂದೆ ಚಾಚಿರಬೇಕು. ಆ ಒಂದು ಮಿಲಿಮೀಟರೇ ಮಗುವಿನ ಚರ್ಮಕ್ಕೂ ಓಡುವ ಬ್ಲೇಡಿಗೂ ನಡುವೆ ಇರುವ ಗೋಡೆ. ಹಲ್ಲಿನ ತುದಿ ದುಂಡಗಿರಬೇಕು. ನಿಮ್ಮ ಮುಂಗೈ ಒಳಭಾಗದ ಮೇಲೆ ಮೆತ್ತಗೆ ಎಳೆದು ನೋಡಿ. ಗೀಚಿದ ಹಾಗಾದರೆ ಅದು ಮಗುವಿಗಲ್ಲ. ಎರಡೂ ಬ್ಲೇಡ್ ಒಂದೇ ಸಮಕ್ಕೆ ಬಂದಿರುವ ‘ಝೀರೋ ಗ್ಯಾಪ್’ ಮಷಿನ್‌ಗಳನ್ನು ಗೆರೆ ತೆಗೆಯಲೆಂದೇ ಮಾಡಿರುತ್ತಾರೆ. ಕುಳಿತಲ್ಲಿ ಕೂರದ ಮಗುವಿನ ಹತ್ತಿರ ಅದನ್ನು ತರಲೇಬೇಡಿ.

ಮೇಲಿನ ಬ್ಲೇಡ್ ಸೆರಾಮಿಕ್ ಆಗಿದ್ದರೆ ಒಳ್ಳೆಯದು. ಸ್ಟೀಲ್ ಮೇಲೆ ಸ್ಟೀಲ್ ಉಜ್ಜಿದರೆ ಬೇಗ ಬಿಸಿಯಾಗುತ್ತದೆ, ಸೆರಾಮಿಕ್ ಅಷ್ಟು ಬೇಗ ಕಾಯುವುದಿಲ್ಲ. ಆದರೆ ಸೆರಾಮಿಕ್‌ಗೆ ಒಂದು ಕೆಟ್ಟ ಗುಣ ಇದೆ. ಕೈಜಾರಿ ನೆಲಕ್ಕೆ ಬಿದ್ದರೆ ಹಲ್ಲು ಮುರಿಯುತ್ತದೆ. ನನ್ನ ಮೇಜಿಗೆ ಬರುವ ಬೇಬಿ ಮಷಿನ್‌ಗಳಲ್ಲಿ ಇಂಥವೇ ಜಾಸ್ತಿ. ಬ್ಲೇಡಿನ ಮೂಲೆಯಲ್ಲಿ ಒಂದು ಹಲ್ಲು ಇರುವುದಿಲ್ಲ, ಮನೆಯವರು ಗಮನಿಸಿಯೇ ಇರುವುದಿಲ್ಲ. ಮುರಿದ ಜಾಗದಲ್ಲಿ ಚರ್ಮ ಸಿಕ್ಕಿಕೊಳ್ಳಬಹುದು. ಹಾಗಾಗಿ ಬಿದ್ದ ಮಷಿನ್ ಆನ್ ಆಗುತ್ತಿದೆ ಅಂದ ಮಾತ್ರಕ್ಕೆ ಸರಿ ಇದೆ ಅಂದುಕೊಳ್ಳಬೇಡಿ. ಬ್ಲೇಡ್ ನೋಡಿ, ಆಮೇಲೆ ತಲೆಗೆ ಇಡಿ.

ವೈರ್ ಇಲ್ಲದ, ಚಾರ್ಜ್ ಮಾಡುವ ಮಷಿನ್ ಇರಲಿ. ಎರಡೂವರೆ ವರ್ಷದವನು ಒಂದು ಕಡೆ ಕೂರುವುದಿಲ್ಲ, ನೀವೇ ಅವನ ಸುತ್ತ ತಿರುಗಬೇಕು. ಲಿಥಿಯಂ ಬ್ಯಾಟರಿ ಇರುವುದನ್ನೇ ಕೇಳಿ. ಒಂದು ಗಂಟೆ ಓಡುವುದಾದರೆ ಧಾರಾಳವಾಯಿತು. ಮೂರು ನಾಲ್ಕು ಗಂಟೆ ಓಡುತ್ತದೆ ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಅಷ್ಟು ಹೊತ್ತು ಯಾವ ಮಗು ಕೂರುತ್ತದೆ ಹೇಳಿ.

ಕೊನೆಗೆ ನನ್ನ ತೀರ್ಮಾನ. ಮಗನ ಕೂದಲು ತೆಳ್ಳಗೆ, ರೇಷ್ಮೆಯಂತೆ ನುಣುಪಾಗಿದ್ದರೆ ಬೇಬಿ ಮಷಿನ್ ತಗೊಳ್ಳಿ. ಹಗುರ ಇರುತ್ತದೆ, ಬ್ಲೇಡ್ ಕಿರಿದಾದ್ದರಿಂದ ಕಿವಿ ಹಿಂದೆ ಸಲೀಸಾಗಿ ಹೋಗುತ್ತದೆ. ಕೂದಲು ದಟ್ಟ ಇದ್ದರೆ, ಗುಂಗುರು ಇದ್ದರೆ, ಅಥವಾ ಇನ್ನೂ ಏಳೆಂಟು ವರ್ಷ ಇದರಲ್ಲೇ ಕಳೆಯುವ ಯೋಚನೆ ಇದ್ದರೆ ದೊಡ್ಡವರಿಗೇ ಮಾಡಿದ ಮಧ್ಯಮ ಗಾತ್ರದ್ದನ್ನು ಹುಡುಕಿ. ಸದ್ದು ಕಡಿಮೆ ಇರಬೇಕು, ಅಷ್ಟೇ. ಅಂಗಡಿಯವರ ದೊಡ್ಡ ಮಷಿನ್‌ಗೆ ತಾಕತ್ತು ಇದೆ ನಿಜ. ತೂಕವೂ ಇದೆ, ಸದ್ದೂ ಇದೆ. ಅದನ್ನು ಹಿಡಿದು ಪಳಗಿದ ಕೈಗೆ ಅದು ಸರಿ.

ಪೆಟ್ಟಿಗೆ ಜೊತೆ ಹತ್ತು ಬಾಚಣಿಗೆ, ಕತ್ತರಿ, ಮೇಲುಹೊದಿಕೆ ಕೊಡುತ್ತೇವೆ ಅನ್ನುತ್ತಾರೆ. ಅವುಗಳಲ್ಲಿ ನೀವು ಬಳಸುವುದು ಎರಡೋ ಮೂರೋ.

ಪ್ರಶ್ನೆ: ನಮ್ಮ ಹುಡುಗಿಗೆ ನಾಲ್ಕು ವರ್ಷ. ಮೋಟು ಕೂದಲೇ ಅವಳಿಗೆ ಇಷ್ಟ. ಆದರೆ ಮಷಿನ್ ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ನಾವು ತಂದಿದ್ದರ ಪೆಟ್ಟಿಗೆ ಮೇಲೆ ‘ಸದ್ದಿಲ್ಲದ್ದು’ ಅಂತಲೇ ಬರೆದಿದೆ. ಅವಳು ಮಲಗಿದಾಗ ಮಾಡಿಬಿಡಬಹುದಾ?
— ಅಪ್ಪ

ಉತ್ತರ: ಮಲಗಿದಾಗ ಬೇಡ. ಅರ್ಧ ತಲೆ ಆಗಿರುವಾಗ ಬೆಚ್ಚಿ ಎದ್ದು ತಲೆ ತಿರುಗಿಸಿದರೆ ಬ್ಲೇಡ್ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಇನ್ನು ಮೇಲೆ ಅವಳಿಗೆ ನಿದ್ದೆಯ ಮೇಲೂ ನಂಬಿಕೆ ಹೋಗುತ್ತದೆ.

ಸದ್ದಿಲ್ಲದ ಮಷಿನ್ ಅನ್ನುವುದು ಇಲ್ಲ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಒಳ್ಳೆಯ ಬೇಬಿ ಮಷಿನ್‌ಗಳು ಅದಕ್ಕಿಂತ ಸ್ವಲ್ಪ ಕೆಳಗೆ ಇರುತ್ತವೆ, ಅಷ್ಟೇ. ಹತ್ತು ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಎರಡರಷ್ಟು ಅನಿಸುತ್ತದೆ. ಹಾಗಾಗಿ 55 ಮತ್ತು 65ರ ನಡುವಿನ ವ್ಯತ್ಯಾಸ ಚಿಕ್ಕದಲ್ಲ. ಆದರೆ ಪೆಟ್ಟಿಗೆ ಮೇಲಿನ ಅಂಕಿ ಎಷ್ಟು ದೂರದಿಂದ ಅಳೆದದ್ದು ಅಂತ ಎಷ್ಟೋ ಸಲ ಬರೆದಿರುವುದೇ ಇಲ್ಲ. ಅದಕ್ಕೆ ನಾನು ಹೇಳುವ ಪರೀಕ್ಷೆ ಬೇರೆ. ಮಷಿನ್ ಆನ್ ಮಾಡಿ, ಬ್ಲೇಡ್ ಆಚೆ ಮುಖ ಮಾಡಿ, ಅದರ ಹಿಡಿಯ ಭಾಗವನ್ನು ನಿಮ್ಮ ಕಿವಿಯ ಹಿಂದಿನ ಉಬ್ಬಿದ ಮೂಳೆಗೆ ಒತ್ತಿ ಹಿಡಿಯಿರಿ. ಹೊರಗೆ ಸಣ್ಣಗೆ ಗುಂಯ್ ಅನ್ನುತ್ತಿದ್ದದ್ದು ತಲೆಬುರುಡೆಯೊಳಗೆ ಮೊಳಗುತ್ತದೆ. ಅದುರಾಟ ಮೂಳೆಯ ಮೂಲಕ ನೇರ ಒಳಕಿವಿಗೆ ಹೋಗುತ್ತದೆ. ಪಕ್ಕದಲ್ಲಿ ನಿಂತ ಅಪ್ಪನಿಗೆ ಕೇಳುವುದಕ್ಕೂ ಮಗುವಿಗೆ ಕೇಳುವುದಕ್ಕೂ ಅಷ್ಟು ಅಂತರ. ಅಂಗಡಿಯಲ್ಲಿ ಎರಡು ಮೂರು ಮಷಿನ್ ಹೀಗೆ ಹಿಡಿದು ನೋಡಿದರೆ ಯಾವುದು ಅದುರುತ್ತದೆ, ಯಾವುದು ಇಲ್ಲ ಅಂತ ತಕ್ಷಣ ತಿಳಿಯುತ್ತದೆ.

ಸದ್ದಿಗೆ ಕಾರಣ ಒಳಗಿನ ಯಂತ್ರ. ವೈರ್ ಹಾಕಿ ನಡೆಸುವ ಹಳೇ ಬಗೆಯದರಲ್ಲಿ ಮೋಟಾರ್ ಇರುವುದಿಲ್ಲ, ತಂತಿ ಸುತ್ತಿದ ಅಯಸ್ಕಾಂತ ಇರುತ್ತದೆ. ಕರೆಂಟ್ 50 ಹರ್ಟ್ಜ್ ಆದರೆ, ಅಂದರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿದರೆ, ಹೋಗುವಾಗ ಒಂದು ಬರುವಾಗ ಒಂದರಂತೆ ಅದು ಸೆಕೆಂಡಿಗೆ 100 ಸಲ ಬ್ಲೇಡನ್ನು ಸೆಳೆದು ಬಿಡುತ್ತದೆ. ಆನ್ ಮಾಡಿದಾಗ ‘ಟಕ್’ ಅನ್ನುವುದೂ, ಆಮೇಲೆ ಜೇನುಹುಳದ ಸದ್ದೂ ಅದರದ್ದೇ. ಅಯಸ್ಕಾಂತದ ಈ ಉಪಾಯಕ್ಕೆ ಲಿಯೋ ವಾಲ್ ಅನ್ನುವವರು ಅಮೆರಿಕದಲ್ಲಿ 1919ರಲ್ಲಿ ಪೇಟೆಂಟ್ ಕೇಳಿದ್ದರು. ಅಷ್ಟು ಹಳೆಯದು, ಇವತ್ತಿಗೂ ಗಟ್ಟಿಮುಟ್ಟು. ನನಗಂತೂ ಬಿಚ್ಚಿ ಜೋಡಿಸಲು ಅದೇ ಇಷ್ಟ. ಆದರೆ ಸದ್ದಿಗೆ ಹೆದರುವ ಮಗುವಿಗೆ ಅದು ಬೇಡ. ತಿರುಗುವ ಮೋಟಾರ್ ಇರುವ, ಬ್ಯಾಟರಿಯ ಮಷಿನ್ ತನ್ನಿ. ಕತ್ತರಿಸಿದ ಕೂದಲನ್ನು ತಾನೇ ಎಳೆದುಕೊಳ್ಳುವ ಮಷಿನ್‌ಗಳೂ ಬಂದಿವೆ. ಕಸ ಕಡಿಮೆ ನಿಜ, ಆದರೆ ಒಳಗೆ ಫ್ಯಾನ್ ಇರುವುದರಿಂದ ಸದ್ದು ಜಾಸ್ತಿ.

ಮಷಿನ್ ಬದಲಿಸಿದರೂ ಹುಡುಗಿಗೆ ಅಭ್ಯಾಸ ಮಾಡಿಸಬೇಕು. ಕಟಿಂಗ್ ಇಲ್ಲದ ದಿನ ಅದನ್ನು ಅವಳ ಕೈಗೆ ಕೊಡಿ, ಗಾರ್ಡ್ (ಬ್ಲೇಡ್ ಮೇಲೆ ಸಿಕ್ಕಿಸುವ ಬಾಚಣಿಗೆ) ಹಾಕಿಯೇ. ಸ್ವಿಚ್ ಅವಳೇ ಒತ್ತಲಿ, ಅವಳೇ ಆರಿಸಲಿ. ತನ್ನ ಕೈಯಿಂದ ಆರಿಸಬಹುದು ಅಂತ ಗೊತ್ತಾದ ಸದ್ದಿಗೆ ಮಕ್ಕಳು ಅಷ್ಟು ಹೆದರುವುದಿಲ್ಲ. ಆಮೇಲೆ ಹಿಡಿಯನ್ನು ಅವಳ ಅಂಗೈಗೆ, ಭುಜಕ್ಕೆ, ಕತ್ತಿಗೆ ಮುಟ್ಟಿಸಿ. ಕತ್ತರಿಸುವ ದಿನ ಕತ್ತಿನ ಹಿಂದಿನಿಂದ ಶುರು ಮಾಡಿ, ಕಿವಿಯ ಸುತ್ತ ಕೊನೆಗೆ. ಸಾಕು ಅಂದರೆ ನಿಲ್ಲಿಸಿ. ಉಳಿದದ್ದು ನಾಳೆ. ಒಂದು ದಿನ ಅರ್ಧ ತಲೆಯಲ್ಲಿ ಓಡಾಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಇಷ್ಟಾದರೂ ಆಗದಿದ್ದರೆ ಮಷಿನ್ ಬಿಟ್ಟು ತುದಿ ದುಂಡಗಿರುವ ಕತ್ತರಿ ಹಿಡಿಯಿರಿ. ಕೆಲವು ಮಕ್ಕಳಿಗೆ ಸದ್ದು, ಸ್ಪರ್ಶ ಎರಡೂ ನಿಜವಾಗಿಯೇ ಸಹಿಸಲು ಆಗುವುದಿಲ್ಲ. ಅದು ಹಠ ಅಲ್ಲ.

ಪ್ರಶ್ನೆ: ಗಾರ್ಡ್ ಮೇಲೆ 1, 2, 3, 4 ಅಂತ ಬರೆದಿದೆ. ಮೊಮ್ಮಗನಿಗೆ ಯಾವುದು ಹಾಕಬೇಕು? ಹೋದ ಸಲ ಅಳಿಯ ಯಾವುದೋ ಒಂದನ್ನು ಹಾಕಿ ಮಧ್ಯದಲ್ಲಿ ಬೋಳು ದಾರಿ ಮಾಡಿಬಿಟ್ಟ.
— ಅಜ್ಜಿ

ಉತ್ತರ: ಅಜ್ಜಿ, ಒಂದು ನಂಬರ್ ಅಂದರೆ ಸುಮಾರು 3 ಮಿ.ಮೀ. ಎರಡು 6, ಮೂರು 10, ನಾಲ್ಕು 13. ಎಂಟನೇ ನಂಬರ್ 25 ಮಿ.ಮೀ., ಅಂದರೆ ಒಂದು ಇಂಚು. ಹೆಚ್ಚಿನ ಕಂಪನಿಗಳದ್ದು ಇದೇ ಲೆಕ್ಕ. ಕೆಲವರು ನಂಬರ್ ಬದಲು ಮಿ.ಮೀ. ಬರೆದಿರುತ್ತಾರೆ. ಆಗ ‘3’ ಅಂದರೆ ಮೂರನೇ ನಂಬರ್ ಅಲ್ಲ, ಮೂರು ಮಿ.ಮೀ. ನಿಮ್ಮ ಅಳಿಯಂದಿರು ಇಲ್ಲೇ ಎಡವಿರಬಹುದು, ಪಾಪ.

ಇನ್ನೂ ಒಂದು ಇದೆ. ಮಷಿನ್ ಪಕ್ಕದಲ್ಲಿ ಚಿಕ್ಕ ಹಿಡಿಕೆ ಇದ್ದರೆ ಅದನ್ನು ಗಮನಿಸಿ. ಅದನ್ನು ತೆರೆದಾಗ ಕೂದಲು ಒಂದೂವರೆ ಮಿ.ಮೀ.ನಷ್ಟು ಹೆಚ್ಚು ಉದ್ದ ಉಳಿಯುತ್ತದೆ, ಮುಚ್ಚಿದಾಗ ಗಿಡ್ಡ. ಅರ್ಧ ತಲೆಗೆ ತೆರೆದು, ಇನ್ನರ್ಧಕ್ಕೆ ಗೊತ್ತಿಲ್ಲದೆ ಮುಚ್ಚಿದರೆ ಎರಡು ಬಣ್ಣ ಬಳಿದ ಹಾಗೆ ಕಾಣುತ್ತದೆ.

ಮೊಮ್ಮಗನಿಗೆ ಮೊದಲು ದೊಡ್ಡ ನಂಬರ್ ಹಾಕಿ ಇಡೀ ತಲೆ ಒಂದು ಸುತ್ತು ಮುಗಿಸಿ. ನಾಲ್ಕೋ ಆರೋ ಇರಲಿ. ಉದ್ದ ಅನಿಸಿದರೆ ಆಮೇಲೆ ಇಳಿಸಿ. ಪಕ್ಕಕ್ಕೂ ಹಿಂದಕ್ಕೂ ಮೂರು, ಮೇಲೆ ಆರು ಇಟ್ಟರೆ ಚೆನ್ನಾಗಿ ಕಾಣುತ್ತದೆ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ನಿಧಾನ. ನೆತ್ತಿಯ ಹಿಂದೆ ಸುಳಿ ಇರುವ ಕಡೆ ಕೂದಲು ಸುತ್ತ ತಿರುಗಿರುತ್ತದೆ. ಅಲ್ಲಿ ಎಲ್ಲ ಕಡೆಯಿಂದಲೂ ಒಂದೊಂದು ಸಲ ಮಷಿನ್ ಎಳೆಯಬೇಕು, ಒಂದು ನಂಬರ್ ದೊಡ್ಡದೇ ಇಡಬೇಕು. ಇಲ್ಲದಿದ್ದರೆ ಗಿಡ್ಡ ಕೂದಲು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಗಾರ್ಡ್‌ನ ಹಿಡಿತ. ಹಾಕಿದಾಗ ‘ಕ್ಲಿಕ್’ ಅಂತ ಕೂರಬೇಕು. ಹೆಬ್ಬೆರಳಿಂದ ಪಕ್ಕಕ್ಕೆ ನೂಕಿದರೆ ಅಲುಗಾಡಬಾರದು. ಎಷ್ಟೋ ಬೋಳು ದಾರಿಗಳು ನಂಬರ್ ತಪ್ಪಿ ಆದವಲ್ಲ, ಮಧ್ಯದಲ್ಲಿ ಗಾರ್ಡ್ ಕಳಚಿ ಆದವು. ಈಗಾಗಲೇ ಆದದ್ದಕ್ಕೆ ಚಿಂತೆ ಬೇಡ. ತಿಂಗಳಿಗೆ ಕೂದಲು ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಬೆಳೆಯುತ್ತದೆ.

ಪ್ರಶ್ನೆ: ಮಷಿನ್ ಹಾಕಿ ಪದೇ ಪದೇ ಗಿಡ್ಡ ಮಾಡಿದರೆ ಮಗಳ ಕೂದಲು ದಟ್ಟ ಆಗುತ್ತದಾ?

ಉತ್ತರ: ಇಲ್ಲ. ಕೂದಲಿನ ಬೇರು ಚರ್ಮದ ಒಳಗಿದೆ, ಮಷಿನ್ ಓಡುವುದು ಹೊರಗೆ. ಹೊರಗಿರುವ ಎಳೆಗೆ ಜೀವವೇ ಇಲ್ಲ, ಕತ್ತರಿಸಿದ್ದು ಬೇರಿಗೆ ಗೊತ್ತಾಗುವುದೂ ಇಲ್ಲ. ಮಿಲ್ಡ್ರೆಡ್ ಟ್ರಾಟರ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞೆ 1928ರಲ್ಲೇ ಇದನ್ನು ಪರೀಕ್ಷಿಸಿ, ಬೋಳಿಸಿದ್ದರಿಂದ ಕೂದಲ ಬೆಳವಣಿಗೆ ಬದಲಾಗುವುದಿಲ್ಲ ಅಂತ ತೋರಿಸಿದ್ದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಮುಟ್ಟಿದರೆ ದಪ್ಪ ಅನಿಸುತ್ತದೆ. ಸೆಖೆಗೋ, ಸಿಕ್ಕು ಬಿಡಿಸುವ ಗೋಳಿಗೋ ಗಿಡ್ಡ ಮಾಡಿ. ದಟ್ಟ ಆಗಲಿ ಅಂತ ಬೇಡ.

ಪ್ರಶ್ನೆ: ಮಗುವಿಗೆ ಹತ್ತು ತಿಂಗಳು. ನೆತ್ತಿ ಇನ್ನೂ ಮೆತ್ತಗಿದೆ. ಮಷಿನ್ ಇಡಬಹುದಾ?

ಉತ್ತರ: ನೆತ್ತಿಯ ಮೆತ್ತನೆ ಜಾಗದ ಕೆಳಗೆ ಗಟ್ಟಿ ಪೊರೆ ಇರುತ್ತದೆ, ಮೆಲ್ಲಗೆ ಮುಟ್ಟಿದರೆ ಏನೂ ಆಗುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಒಂದರಿಂದ ಎರಡು ವರ್ಷದೊಳಗೆ ಅದು ಮುಚ್ಚಿಕೊಳ್ಳುತ್ತದೆ. ಒತ್ತಬಾರದು, ಅಷ್ಟೇ. ಆದರೂ ಒಂದು ಮಾತು. ಕಣ್ಣಿಗೆ ಬೀಳುವ ನಾಲ್ಕು ಎಳೆಗೋಸ್ಕರ ಮಷಿನ್ ತರಬೇಡಿ. ಒಬ್ಬರು ಎತ್ತಿಕೊಂಡು ತಲೆ ಹಿಡಿಯಲಿ, ಇನ್ನೊಬ್ಬರು ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಬೆರಳಿನ ಆಚೆ ಕತ್ತರಿ ಆಡಿಸಲಿ.

ಪ್ರಶ್ನೆ: ಎರಡು ಮಕ್ಕಳಿಗೂ ಒಂದೇ ಮಷಿನ್. ಚಿಕ್ಕವನ ತಲೆಯಲ್ಲಿ ಈಗ ದುಂಡಗೆ ಕೂದಲು ಉದುರಿ, ಹೊಟ್ಟೆದ್ದ ಹಾಗಿದೆ. ಬ್ಲೇಡ್ ತೊಳೆದು ದೊಡ್ಡವನಿಗೆ ಹಾಕಬಹುದಾ?

ಉತ್ತರ: ಈಗ ಇಬ್ಬರಿಗೂ ಹಾಕಬೇಡಿ. ಚಿಕ್ಕವನನ್ನು ಡಾಕ್ಟರಿಗೆ ತೋರಿಸಿ. ಅದು ತಲೆಯ ಹುಳುಕಡ್ಡಿ ಇರಬಹುದು. ಹುಳು ಅಲ್ಲ ಅದು, ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಬಾಚಣಿಗೆ, ಟೋಪಿ, ಮಷಿನ್ ಎಲ್ಲದರಿಂದಲೂ ಹರಡುತ್ತದೆ. ತಲೆಯದಾದರೆ ಬರೀ ಮುಲಾಮಿಗೆ ಹೋಗುವುದಿಲ್ಲ, ಹೊಟ್ಟೆಗೆ ಔಷಧಿ ಬೇಕಾಗುತ್ತದೆ. ಮೆಡಿಕಲ್ ಸ್ಟೋರಿನಿಂದ ತಂದ ಕ್ರೀಮ್ ಹಚ್ಚುತ್ತಾ ಕೂರಬೇಡಿ. ಬ್ಲೇಡ್, ಗಾರ್ಡ್ ಎರಡನ್ನೂ ಬಿಚ್ಚಿ, ಕೂದಲು ಉಜ್ಜಿ ತೆಗೆದು, 70 ಶೇಕಡಾ ಸ್ಪಿರಿಟ್‌ನಲ್ಲಿ ಒದ್ದೆ ಮಾಡಿ ತಾನಾಗಿ ಆರಲು ಬಿಡಿ. ಕೂದಲು ಹಾಗೇ ಇದ್ದರೆ ಸ್ಪಿರಿಟ್ ಒಳಗೆ ತಲುಪುವುದಿಲ್ಲ. ಇದಕ್ಕೇ ಕೊಳ್ಳುವಾಗ ಬ್ಲೇಡ್ ಸಲೀಸಾಗಿ ಬಿಚ್ಚಿ ಬರುವುದನ್ನೇ ತಗೊಳ್ಳಿ ಅನ್ನುವುದು. ಸ್ಕ್ರೂ ಡ್ರೈವರ್ ಬೇಕಾದ್ದನ್ನು ಮನೆಯಲ್ಲಿ ಯಾರೂ ತೊಳೆಯುವುದಿಲ್ಲ.

ಪ್ರಶ್ನೆ: ನಮ್ಮದು ‘ಐಪಿಎಕ್ಸ್7’ ಮಷಿನ್. ಸ್ನಾನದ ಟಬ್ಬಿನಲ್ಲೇ ಕೂರಿಸಿ ಕತ್ತರಿಸಬಹುದಲ್ವಾ?

ಉತ್ತರ: ಆ ಗುರುತಿನ ಅರ್ಥ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಅಂತ. ನಲ್ಲಿ ಕೆಳಗೆ ಹಿಡಿದು ತೊಳೆಯಲು ಅನುಕೂಲ. ಚಾರ್ಜಿಗೆ ಹಾಕಿದ್ದಾಗ ಮಾತ್ರ ನೀರಿನ ಹತ್ತಿರ ಬೇಡವೇ ಬೇಡ. ಒದ್ದೆ ಕೂದಲು ಒಂದಕ್ಕೊಂದು ಅಂಟಿ ಮಲಗಿಬಿಡುತ್ತದೆ, ಗಾರ್ಡ್ ಒಳಗೆ ಸರಿಯಾಗಿ ಬರುವುದಿಲ್ಲ. ಮೊದಲು ತಲೆ ತೊಳೆದು ಪೂರ್ತಿ ಒಣಗಿಸಿ, ಕತ್ತರಿಸಿ, ಆಮೇಲೆ ಟಬ್ಬಿಗೆ ಬಿಡಿ. ಮೈಗೆ ಅಂಟಿದ ಕೂದಲೂ ಹೋಗುತ್ತದೆ.

ಪ್ರಶ್ನೆ: ತಂದಾಗ ಚೆನ್ನಾಗಿತ್ತು. ಈಗೀಗ ಕೂದಲು ಕಚ್ಚಿ ಎಳೆಯುತ್ತದೆ, ಮಗ ಅಳುತ್ತಾನೆ. ಬ್ಲೇಡ್ ಮೊಂಡಾಯಿತಾ? ಸಾಣೆ ಹಿಡಿಸಬೇಕಾ?

ಉತ್ತರ: ಸಾಣೆ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ, ಹೆಚ್ಚಿನ ಪಾಲು ಬೇಕಾಗುವುದಿಲ್ಲ. ಮನೆಯಲ್ಲಿ ತಿಂಗಳಿಗೊಮ್ಮೆ ಓಡಿಸುವ ಮಷಿನ್ ಅಷ್ಟು ಬೇಗ ಮೊಂಡಾಗದು. ಬ್ಲೇಡ್ ಬಿಚ್ಚಿ ನೋಡಿ. ಎರಡು ಬ್ಲೇಡಿನ ನಡುವೆ ಕತ್ತರಿಸಿದ ಕೂದಲ ಪುಡಿ, ತಲೆಯ ಜಿಡ್ಡು ಸೇರಿ ಬೂದು ಬಣ್ಣದ ಪದರ ಕಟ್ಟಿರುತ್ತದೆ. ಅದು ಬ್ಲೇಡನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಮಕ್ಕಳ ಸಣ್ಣ ಕೂದಲು ಆ ಸಂದಿಯಲ್ಲಿ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಮಗ ಅಳುವುದು ಅದಕ್ಕೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಆಮೇಲೆ ಎಣ್ಣೆ. ಮಷಿನ್ ಜೊತೆ ಬಂದ ಚಿಕ್ಕ ಶೀಶೆ ಕಳೆದುಹೋಗಿದ್ದರೆ ಹೊಲಿಗೆ ಮಷಿನ್ ಎಣ್ಣೆ ಸಾಕು. ತಲೆಗೆ ಹಚ್ಚುವ ಎಣ್ಣೆ, ಅಡುಗೆ ಎಣ್ಣೆ ಬೇಡ. ಗಾಳಿಗೆ ಅವು ಬರುಬರುತ್ತಾ ಅಂಟಂಟಾಗುತ್ತವೆ, ಆ ಅಂಟಿಗೆ ಮತ್ತೆ ಕೂದಲು ಕೂರುತ್ತದೆ. ಮಷಿನ್ ಆನ್ ಮಾಡಿ ಬ್ಲೇಡ್ ಕೆಳಮುಖ ಮಾಡಿ, ಎಡಮೂಲೆ, ಬಲಮೂಲೆ, ನಡುವೆ ಒಂದೊಂದು ಹನಿ ಬಿಡಿ. ಹತ್ತು ಸೆಕೆಂಡ್ ಓಡಲಿ. ಸದ್ದು ತೆಳುವಾಗುವುದು ನಿಮಗೇ ಕೇಳಿಸುತ್ತದೆ. ಉಳಿದ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮಗನ ಕತ್ತಿಗೆ ಹತ್ತುತ್ತದೆ. ಇದನ್ನು ಪ್ರತಿ ಕಟಿಂಗ್‌ಗೂ ಮಾಡಬೇಕು.

ಸ್ಕ್ರೂ ಹಾಕಿ ಕೂರಿಸುವ ಬ್ಲೇಡ್ ಆದರೆ ವಾಪಸ್ ಹಾಕುವಾಗ ಬೆಳಕಿಗೆ ಹಿಡಿದು ನೋಡಿ. ಓಡುವ ಬ್ಲೇಡ್ ಕೆಳಗಿನದನ್ನು ದಾಟಿ ಮುಂದೆ ಬರಬಾರದು. ತೊಳೆದ ಮಾರನೇ ದಿನವೇ ಮಗುವಿಗೆ ಗಾಯ ಆಯಿತು ಅಂತ ಬರುವವರದ್ದೆಲ್ಲ ಇದೇ ಕಥೆ. ಕತ್ತರಿಸುವಾಗ ಮೂರು ನಾಲ್ಕು ನಿಮಿಷಕ್ಕೊಮ್ಮೆ ಆರಿಸಿ, ಬ್ಲೇಡನ್ನು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಬಿಸಿ ಅನಿಸಿದರೆ ತಣಿಯಲು ಬಿಡಿ.

ಇಷ್ಟೆಲ್ಲ ಮಾಡಿದರೂ ಎಳೆಯುತ್ತಿದ್ದರೆ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ನೋಡಿ. ಚಾರ್ಜ್ ಇಳಿದ ಮಷಿನ್ ಕೂಡ ಮೊಂಡಾದದ್ದರ ಹಾಗೇ ಆಡುತ್ತದೆ. ಆಮೇಲೂ ಸರಿಹೋಗದಿದ್ದರೆ ಬ್ಲೇಡ್ ಬದಲಿಸಿ. ಸೆರಾಮಿಕ್‌ಗೆ ಮಾಮೂಲಿ ಸಾಣೆ ಆಗುವುದಿಲ್ಲ, ಹೊಸದೇ ಹಾಕಬೇಕು. ಹಾಗಾಗಿ ಮಷಿನ್ ಕೊಳ್ಳುವ ದಿನವೇ ಅದರ ಬ್ಲೇಡ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿಕೊಳ್ಳಿ. ಸಿಗದಿದ್ದರೆ ಬೇರೆಯದನ್ನು ನೋಡಿ.